ನೀರುಕಾಗೆಯ ಕತ್ತು

ಮೊದಲ ಚಿತ್ರಕ್ಕೆ ಹಿಡಿದದ್ದು ಹತ್ತೇ ನಿಮಿಷವಂತೆ.
ದುವಾರ್ನನೇ ಬಂದರಿನ ಹಿಂದಿನ ಬೀದಿ,
ಮೂರನೇ ಮಹಡಿ, ಫೆಬ್ರವರಿಯ ಗಾಳಿ.
ಉಬ್ಬರವಿಳಿತದ ಲೆಕ್ಕ ಹಾಕುವ ಪ್ರೋಗ್ರಾಮು ಬರೆದು ಮುಗಿಸಿ
ಯಾರು ಬೇಕಾದರೂ ಒಯ್ಯಿರಿ, ತಿದ್ದಿರಿ, ಹಂಚಿರಿ ಎಂದು
ಗ್ವೆನೊಲೇ ಬಾಗಿಲು ತೆರೆದಿಟ್ಟ ರಾತ್ರಿ,
ಹೆಸರಿಗೊಂದು ಮುಖ ಬೇಕಲ್ಲ ಎಂದು
ಎಡಗೈಯಲ್ಲಿ ಬ್ರೆಡ್ಡು, ಬಲಗೈಯಲ್ಲಿ ಮೌಸು,
ಗೀಚಿದ್ದು ಒಂದು ನೀರುಕಾಗೆ.

ಅವರ ಬ್ರೆತೋನ್ ಮಾತಿನಲ್ಲೂ ಅದು ಕಾಗೆಯೇ:
ಮೊರ್‌ವ್ರಾನ್, ಕಡಲ ಕಾಗೆ.
ಪ್ರೋಗ್ರಾಮಿಗೂ ಅದೇ ಹೆಸರು.
ಮೌಸು ಜಾರಿದ ಕಡೆ ಕತ್ತು ಮುರಿಯಿತು.
ಬೆಳಿಗ್ಗೆ ಸರಿ ಮಾಡಿದರಾಯ್ತು ಅಂದುಕೊಂಡ.
ಆ ಬೆಳಿಗ್ಗೆ ಬರುವುದಕ್ಕೆ ಹನ್ನೊಂದು ವರ್ಷ.

ಅಷ್ಟರಲ್ಲಿ ಮೊಂತೆವಿದೆಯೊದ ಇಲ್ದಾ ಹೇಳಿದ್ದಳು: ಬೂಟು.
ತಾರ್ತುವಿನ ಹುಡುಗ: ಗಾಳಿಗೆ ತಿರುಚಿದ ಕೊಡೆ.
ಗಣಪನ ಮಾಡಹೋಗಿ ಅವರಪ್ಪನ ಮಾಡಿದರೂ
ಅಪ್ಪನ ಗುರುತಾದರೂ ಸಿಗುತ್ತದೆ;
ಇಲ್ಲಿ ಅದೂ ಇಲ್ಲ.

ಎನೋರಾ ಒಪ್ಪಿಕೊಂಡಳು. ಕೂಲಿಯಿಲ್ಲ,
ಹೆಸರು ಹಾಕುತ್ತೇವೆ ಅಂದರು.
ಹೊಟ್ಟೆಪಾಡಿಗೆ ಅವಳು ಸಾರ್ಡೀನು ಡಬ್ಬಿಯ ಲೇಬಲ್ಲು ಬರೆಯುವವಳು,
ಅಂಗೈಯಗಲದ ಮುಚ್ಚಳದಲ್ಲಿ ಕಡಲು, ದೋಣಿ, ನಿಂಬೆಹಣ್ಣು
ಎಲ್ಲವನ್ನೂ ಕೂರಿಸಬಲ್ಲವಳು.
ನಲವತ್ತೊಂದು ಕಾಗೆ ಬರೆದಳು.
ರೆಕ್ಕೆ ಹರಡಿದ್ದು, ಮುಳುಗುತ್ತಿರುವುದು,
ಬರೀ ಕೊಕ್ಕು, ಬರೀ ಅಲೆ.
ಹಸಿರು ಬೇಡ ಅಂದವರೇ ಹಸಿರು ಎಲ್ಲಿ ಅಂದರು.
ಕಡೆಗೆ ಎಲ್ಲರೂ ಒಪ್ಪಿದ್ದು
ಯಾರಿಗೂ ಏನೂ ಅನ್ನಿಸದ ಒಂದನ್ನು:
ನೀಲಿ ಬಟ್ಟಲು, ಒಳಗೊಂದು ಬಿಳಿ ಬಾಗು,
ಸೋಪಿನ ಹಾಗೆ ನುಣುಪು.
ಮಾರ್ಚಿಯ ದೊಡ್ಡ ಇಳಿತದ ಹಿಂದಿನ ದಿನ
ಎಲ್ಲರ ಫೋನಿಗೂ ಹೊಸ ಮುಖ ಬಂತು.

ಸ್ವಾಜಿಕ್‌ಗೆ ಎಪ್ಪತ್ತೊಂದು.
ಕಡಲು ಹಿಂದೆ ಸರಿದ ಹೊತ್ತಿನಲ್ಲಿ
ಮರಳು ಕೆದಕಿ ಮರುವಾಯಿ ಆಯಲು ಹೋಗುವವಳು.
ಉಪ್ಪುನೀರಿಗೆ ಹಾಳಾಗುತ್ತದೆಂದು ಕನ್ನಡಕ ಮನೆಯಲ್ಲಿಟ್ಟು,
ವಕ್ರವಾದ ಕಪ್ಪಿನ ಮೇಲೆ ಹೆಬ್ಬೆರಳಿಟ್ಟು
ಮರಳುವ ಹೊತ್ತು ತಿಳಿಯುವವಳು.
ಅವತ್ತು ಹೆಬ್ಬೆರಳಿಗೆ ಸಿಕ್ಕದ್ದು ನಾಲ್ಕು ನೀಲಿ ಬಟ್ಟಲು.
ಒತ್ತಿದಳು. ಬ್ಯಾಂಕು ತೆರೆಯಿತು.
ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ಹೇಳಿತು,
ಹೊತ್ತು ಎಷ್ಟು ಉಳಿದಿದೆ ಎಂದು ಹೇಳಲಿಲ್ಲ.
ಸೊಂಟದವರೆಗೆ ತೊಯ್ದು ದಡ ಸೇರಿದಳು.
ಬಕೆಟ್ಟು ಉಳಿಯಿತು, ಹಲ್ಲುಕೋಲು ಹೋಯಿತು.

ಡಬ್ಬಿ ಕಾರ್ಖಾನೆಯ ಗೇಟಿನಲ್ಲಿ ಎನೋರಾಳನ್ನು ತಡೆದು,
“ನನ್ನ ಕೆಟಲ್ ಏನು ಮಾಡಿದೆ?”
“ಯಾವ ಕೆಟಲ್?”
“ಫೋನಿನಲ್ಲಿತ್ತಲ್ಲ, ಮೂತಿ ಮುರಿದದ್ದು.”
“ಅದು ಹಕ್ಕಿ, ಅಜ್ಜಿ.”
ಸ್ವಾಜಿಕ್ ತುಸು ಯೋಚಿಸಿದಳು.
“ಇರಲಿ. ವಾಪಸು ಕೊಡು.”

ಸಂಜೆ ಎನೋರಾ ಕಟ್ಟೆಯ ತುದಿಗೆ ಹೋದಳು.
ಕಂಬದ ಮೇಲೆ ನಿಜವಾದ ನೀರುಕಾಗೆ
ಒದ್ದೆ ಅಂಗಿ ಹರವಿದ ಹಾಗೆ ರೆಕ್ಕೆ ಹರವಿ ಕೂತಿತ್ತು.
ಬಹಳ ಹೊತ್ತು ನೋಡಿದಳು. ಅದರ ಕತ್ತು
ಎಲ್ಲಿಯೂ ಮುರಿದಿರಲಿಲ್ಲ.
ಹಕ್ಕಿಯ ಕಡೆಯಿಂದ ಸಾಕ್ಷಿ ಸಿಗಲಿಲ್ಲ.

ರಾತ್ರಿ ಫೈಲು ತೆರೆದಳು.
ಹದಿನಾರು ಸಾಲು, ಸಾಲಿಗೆ ಹದಿನಾರು ಚುಕ್ಕಿ,
ರಂಗೋಲಿಗಾದರೆ ಒಂದು ಹೊಸ್ತಿಲಿನಷ್ಟು ಜಾಗ.
ನೀಲಿ ಬಟ್ಟಲು ಅಳಿಸಿದಳು. ಕಾಲು ನೆಟ್ಟಗೆ ಮಾಡಿದಳು,
ರೆಕ್ಕೆಯ ಅಂಚು ಚೊಕ್ಕ ಮಾಡಿದಳು,
ಕಣ್ಣಿಗೆ ಒಂದು ಚುಕ್ಕಿ ಖಾಲಿ ಬಿಟ್ಟಳು.
ಕತ್ತಿನ ಹತ್ತಿರ ಬಂದಾಗ
ಗ್ವೆನೊಲೇಯ ಕೈ ಜಾರಿದ ಜಾಗ ಹುಡುಕಿ
ಎರಡು ಚುಕ್ಕಿ ಎಡಕ್ಕೆ ಸರಿಸಿದಳು.
ಬದಲಾವಣೆಯ ಟಿಪ್ಪಣಿಯಲ್ಲಿ ಬರೆದಳು:
ಕತ್ತು ಮುರಿದಿದ್ದೇನೆ. ಬೇಕೆಂದೇ.

ಇಲ್ದಾ ಒಪ್ಪಿದಳು.
ಗ್ವೆನೊಲೇ ಏನೂ ಹೇಳಲಿಲ್ಲ, ಒಂದು ಹೊಸ ಹಲ್ಲುಕೋಲು ಕೊಂಡು
ಸ್ವಾಜಿಕ್‌ಳ ಬಾಗಿಲಿಗೆ ಒರಗಿಸಿ ಬಂದ.
ತಾರ್ತುವಿನ ಹುಡುಗ ಮಾತ್ರ ಇನ್ನೂ ಕೇಳುತ್ತಿದ್ದಾನೆ,
ಹಸಿರು ಯಾಕಿಲ್ಲ?